ಬಾನು ಮುಷ್ತಾಕ್ ಕಥೆ, ಗೌರಮ್ಮನ ಕಥೆ, ಮತ್ತೆ ‘ಅದು ಅವರ ಸಮಸ್ಯೆ’ ಅನ್ನೋ ಮಾತು

2025ರ ಮೇ 20ಕ್ಕೆ ಲಂಡನ್‌ನಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಅನೌನ್ಸ್ ಆದಾಗ ಹಾಸನದವರ ಜೊತೆ ಮಡಿಕೇರಿಯವರೂ ಖುಷಿಪಟ್ರು, ಯಾಕಂದ್ರೆ ಕಥೆ ಬರೆದ ಬಾನು ಮುಷ್ತಾಕ್ ಹಾಸನದವರಾದ್ರೆ ಅದನ್ನ ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಮಡಿಕೇರಿಯವರು. ಮೂರು ತಿಂಗಳು ಕಳೀತು, ಅದೇ ಬಾನು ಅವರನ್ನ ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಕರೀತು, ಆಗ ಗಲಾಟೆ ಶುರುವಾಯ್ತು, ನಮ್ಮ ಮೈಸೂರು-ಕೊಡಗು ಕ್ಷೇತ್ರದ ಮಾಜಿ ಸಂಸದರೇ ಕೋರ್ಟಿಗೆ ಹೋದ್ರು. ಸೆಪ್ಟೆಂಬರ್ 15ಕ್ಕೆ ಹೈಕೋರ್ಟು ಅರ್ಜಿಗಳನ್ನ ವಜಾ ಮಾಡ್ತು, 19ಕ್ಕೆ ಸುಪ್ರೀಂ ಕೋರ್ಟೂ ಅದನ್ನೇ ಮಾಡ್ತು, 22ಕ್ಕೆ ಅವರು ಚಾಮುಂಡಿ ಬೆಟ್ಟದಲ್ಲಿ ಉದ್ಘಾಟನೆ ಮಾಡಿದ್ರು.

ಇಲ್ಲಿ ತುಂಬಾ ಜನಕ್ಕೆ ಗೊಂದಲ ಆಗಿದ್ದು ಒಂದು ವಿಷಯದಲ್ಲಿ. 2000ನೇ ಇಸವಿಯಲ್ಲಿ ಇದೇ ಲೇಖಕಿಗೆ ಅವರದ್ದೇ ಸಮುದಾಯದವರು ಬಹಿಷ್ಕಾರ ಹಾಕಿದ್ರು, ಹೆಂಗಸರಿಗೂ ಮಸೀದಿಗೆ ಹೋಗೋ ಹಕ್ಕಿದೆ ಅಂದಿದ್ದಕ್ಕೆ. 2025ರಲ್ಲಿ ‘ಅವರು ನಮ್ಮವರಲ್ಲ’ ಅಂತ ಇನ್ನೊಂದು ಕಡೆಯವರು ಅಡ್ಡ ನಿಂತ್ರು. ಹಾಗಾದ್ರೆ ಈಕೆ ಯಾರ ಪರ? ಪ್ರಶಸ್ತಿ ಬಂದಿದ್ದು ಸಾಹಿತ್ಯಕ್ಕಾ ಇಲ್ಲ ಒಂದು ಧರ್ಮದ ಒಳಗಿನ ಕೊಳೆ ತೋರಿಸಿದ್ದಕ್ಕಾ? ಇಂಥ ಕಥೆಗಳು ನಮಗೆ, ಅಂದ್ರೆ ಮುಸ್ಲಿಮರಲ್ಲದ ಓದುಗರಿಗೆ, ಏನು ಹೇಳ್ತಾ ಇವೆ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು ಅಂದ್ರೆ ಗಲಾಟೆ ಬದಿಗಿಟ್ಟು ಕಥೆಗಳ ಒಳಗೆ ಹೋಗಬೇಕು. ಒಂದು ಸಮುದಾಯ ತನ್ನದೇ ಹೆಂಗಸರ ಬದುಕನ್ನ ಹೇಗೆ ರೂಪಿಸುತ್ತೆ ಅನ್ನೋದನ್ನ ಕನ್ನಡದ ಕಥೆ ಕಾದಂಬರಿಗಳು ಸುಮಾರು ನೂರು ವರ್ಷದಿಂದ ಹೇಳ್ತಾ ಬಂದಿವೆ, ಮತ್ತೆ ಅದರಲ್ಲಿ ಕೊಡಗಿನ ಪಾಲು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ.

ಸ್ವಲ್ಪ ಹಿನ್ನೆಲೆ

‘ಹಾರ್ಟ್ ಲ್ಯಾಂಪ್’ ಅನ್ನೋ ಇಂಗ್ಲಿಷ್ ಪುಸ್ತಕದಲ್ಲಿ ಇರೋದು 12 ಕಥೆ, 1990ರಿಂದ 2023ರ ನಡುವೆ ಬರೆದವು. ಕನ್ನಡಕ್ಕೆ ಈ ಪ್ರಶಸ್ತಿ ಮೊದಲ ಸಲ ಬಂದಿದ್ದು, ಅಷ್ಟೇ ಅಲ್ಲ, ಸಣ್ಣಕಥೆಗಳ ಸಂಕಲನವೊಂದಕ್ಕೆ ಬಂದಿದ್ದೂ ಮೊದಲ ಸಲ. 50,000 ಪೌಂಡ್ ಹಣ ಲೇಖಕಿಗೂ ಅನುವಾದಕಿಗೂ ಸಮಪಾಲು.

ಬಾನು ಅವರು ವಕೀಲೆ, ಲಂಕೇಶ್ ಪತ್ರಿಕೆಗೆ ವರದಿ ಮಾಡ್ತಿದ್ದವರು, ಬಂಡಾಯ ಚಳವಳಿಯಿಂದ ಬಂದವರು. ಇದನ್ನ ಯಾಕೆ ಹೇಳಬೇಕು ಅಂದ್ರೆ ಎಪ್ಪತ್ತರ ದಶಕದ ಕೊನೆಗೆ ದಲಿತ-ಬಂಡಾಯ ಚಳವಳಿ ಬರೋ ತನಕ ಕನ್ನಡದ ಮುಖ್ಯವಾಹಿನಿ ಕಥೆಗಳಲ್ಲಿ ಮುಸ್ಲಿಂ ಮನೆ ಒಳಗಿನ ಅಡುಗೆಕೋಣೆ, ಹೆರಿಗೆ, ತಲಾಖ್, ತವರು ಇವೆಲ್ಲ ಒಳಗಿಂದ ಬಂದಿದ್ದು ತೀರಾ ಕಮ್ಮಿ. ಎಂಬತ್ತರ ದಶಕದ ಶುರುವಿನಲ್ಲಿ ಕಾಸರಗೋಡಿನ ಕಡೆಯ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದ್ರು, ಅದು ಮೊದಲು ಲಂಕೇಶ್ ಪತ್ರಿಕೆಯಲ್ಲೇ ಧಾರಾವಾಹಿಯಾಗಿ ಬಂತು. ಅದರಲ್ಲಿ ನಾದಿರಾ ಅನ್ನೋ ಹುಡುಗಿಗೆ ಗಂಡನ ಮೇಲೆ ಪ್ರೀತಿ ಇದೆ, ಗಂಡನಿಗೂ ಅವಳ ಮೇಲೆ ಇದೆ, ಆದ್ರೆ ಅಪ್ಪನ ಹಠಕ್ಕೆ ತಲಾಖ್ ಆಗುತ್ತೆ, ಮತ್ತೆ ಒಂದಾಗಬೇಕು ಅಂದ್ರೆ ಒಂದು ರಾತ್ರಿಗಾದ್ರೂ ಬೇರೆಯವನನ್ನ ಮದುವೆ ಆಗಬೇಕು ಅಂತಾರೆ, ಅವಳು ಮಸೀದಿಯ ಕೆರೆಗೆ ಹಾರ್ತಾಳೆ. ಆಗಲೂ ಇದೇ ಗಲಾಟೆ ಆಗಿತ್ತು, ಮನೆ ಮಾತು ಬೀದಿಗೆ ತಂದ್ಲು ಅಂತ.

ಕಥೆ ಒಳಗೆ ನಡೆಯೋದು ಏನು

ಸಮುದಾಯದ ಒಳಗಿನ ಹೆಣ್ಣು-ಗಂಡಿನ ತಾರತಮ್ಯ ಅಂದ ತಕ್ಷಣ ನಮ್ಮ ತಲೆಗೆ ಬರೋದು ಒಬ್ಬ ಕೆಟ್ಟ ಗಂಡ, ಒಬ್ಬ ಕಟ್ಟರ್ ಧರ್ಮಗುರು. ಆದ್ರೆ ಒಳ್ಳೆ ಕಥೆಗಳಲ್ಲಿ ಅದು ಇಷ್ಟು ಸುಲಭವಾಗಿ ಕೈಗೆ ಸಿಗಲ್ಲ, ಅಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಕರ್ತವ್ಯ ಮಾಡ್ತಿರ್ತಾರೆ ಅಷ್ಟೇ, ಎಲ್ಲರ ಕರ್ತವ್ಯ ಸೇರಿ ಒಬ್ಬಳ ಉಸಿರು ಕಟ್ಟುತ್ತೆ.

ಬಾನು ಅವರ ‘ಎದೆಯ ಹಣತೆ’ ಕಥೆಯನ್ನೇ ತಗೊಳ್ಳಿ. ಮೆಹರುನ್‌ಳ ಗಂಡ ಇನಾಯತ್ ಬೇರೆ ಹೆಂಗಸಿನ ಹಿಂದೆ ಹೋಗಿದ್ದಾನೆ. ಅವಳು ಕೈಗೂಸು ಎತ್ಕೊಂಡು ತವರಿಗೆ ಬರ್ತಾಳೆ, ಓದು ಬಿಡಿಸಿ ಮದುವೆ ಮಾಡಿದ್ದು ನೀವೇ ಅಲ್ವಾ ಅನ್ನೋ ಹಕ್ಕಿಂದ ಬರ್ತಾಳೆ. ಅಣ್ಣಂದಿರಿಗೆ ಅವಳ ಮೇಲೆ ದ್ವೇಷ ಏನಿಲ್ಲ. ಆದ್ರೆ ಅವರಿಗೆ ಎದುರಿಗೆ ಕಾಣ್ತಿರೋದು ಮನೆ ಮರ್ಯಾದೆ, ಅವಳದೇ ಬೆಳೆದ ಮಗಳು, ನಾಳೆ ಆ ಮಗುವಿನ ಮದುವೆ. ಕತ್ತಲಾಗೋದ್ರೊಳಗೆ ಅವಳನ್ನ ಕರ್ಕೊಂಡು ಹೋಗಿ ಗಂಡನ ಮನೆಗೆ ಬಿಟ್ಟು ಬರ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಡಬ್ಬ ಕೈಗೆ ತಗೋತಾಳೆ. ತಡೆಯೋದು ಅಣ್ಣಂದಿರಲ್ಲ ಗಂಡನಲ್ಲ, ದೊಡ್ಡ ಮಗಳು ಸಲ್ಮಾ, ಕೂಸನ್ನ ಎತ್ಕೊಂಡು ಓಡಿ ಬಂದು.

ಗಮನಿಸಬೇಕಾದ್ದು ಏನಂದ್ರೆ ಈ ಕಥೆಯಲ್ಲಿ ಧರ್ಮಗ್ರಂಥದ ಯಾವ ಸಾಲೂ ಮೆಹರುನ್‌ಳನ್ನ ವಾಪಸ್ ಕಳಿಸಲ್ಲ. ಕಳಿಸೋದು ‘ಜನ ಏನಂತಾರೆ’ ಅನ್ನೋದು. ಅವಳಿಗೆ ಸಂಬಳ ಇಲ್ಲ, ಅವಳ ಹೆಸರಲ್ಲಿ ಮನೆ ಇಲ್ಲ, ತವರಿನ ಬಾಗಿಲು ಮುಚ್ಚಿದ್ರೆ ಮೂರನೇ ಬಾಗಿಲು ಅಂತ ಒಂದಿಲ್ಲ. ಹಾಗಾಗಿ ಕಾರಣ ಪರಿಣಾಮದ ಸರಪಳಿ ಹೀಗಿದೆ: ಓದು ನಿಂತಿದ್ದಕ್ಕೆ ದುಡಿಮೆ ಇಲ್ಲ, ದುಡಿಮೆ ಇಲ್ಲದ್ದಕ್ಕೆ ಆಶ್ರಯ ಬೇಕು, ಆಶ್ರಯ ಕೊಡೋರ ಮರ್ಯಾದೆ ಇವಳ ನಡತೆ ಮೇಲೆ ನಿಂತಿದೆ, ಅದಕ್ಕೆ ಇವಳ ನೋವು ಅವರಿಗೆ ಮೊದಲು ಕಾಣೋದೇ ಅಪಾಯವಾಗಿ.

ಇನ್ನೊಂದು ಕಥೆ ‘ಬೆಂಕಿ ಮಳೆ’. ನನ್ನ ಪ್ರಕಾರ ಇಡೀ ಚರ್ಚೆಗೆ ಕೀಲಿಕೈ ಇರೋದು ಇದರಲ್ಲಿ. ಮಸೀದಿಯ ಆಡಳಿತ ನೋಡ್ಕೊಳ್ಳೋ ಮುತವಲ್ಲಿ ಹತ್ರ ಅವನ ತಂಗಿ ಬಂದು ಅಪ್ಪನ ಆಸ್ತಿಯಲ್ಲಿ ನನ್ನ ಪಾಲು ಕೊಡು ಅಂತಾಳೆ. ಇಸ್ಲಾಮಿನ ಕಾನೂನಲ್ಲಿ ಮಗಳಿಗೆ ಪಾಲು ಇದ್ದೇ ಇದೆ, ಮಗನ ಅರ್ಧದಷ್ಟು, ಅಂದ್ರೆ ಅವಳು ಕೇಳಿದ್ದು ಧರ್ಮ ಕೊಟ್ಟ ಹಕ್ಕನ್ನೇ. ಆದ್ರೆ ಮುತವಲ್ಲಿಗೆ ಅದೇ ಹೊತ್ತಿಗೆ ಒಂದು ದೊಡ್ಡ ‘ಸಮುದಾಯದ ವಿಷಯ’ ಸಿಗುತ್ತೆ, ನಮ್ಮವನೊಬ್ಬನ ಹೆಣ ಬೇರೆಯವರ ಸ್ಮಶಾನದಲ್ಲಿ ಹೂತಿದ್ದಾರೆ ಅಂತ, ಅದನ್ನ ತೆಗೆಸೋ ಹೋರಾಟಕ್ಕೆ ಅವನು ಪೂರ್ತಿ ಇಳಿದುಬಿಡ್ತಾನೆ. ಊರೆಲ್ಲ ಅವನ ಹಿಂದೆ. ಸಮುದಾಯದ ಗೌರವ ಬೀದಿಯಲ್ಲಿ ಎಷ್ಟು ಜೋರಾಗಿ ಕೂಗುತ್ತೋ ತಂಗಿಯ ಪಾಲಿನ ಮಾತು ಅಷ್ಟು ಮೆಲ್ಲಗಾಗುತ್ತೆ.

ಇದನ್ನ ಓದಿ ‘ನೋಡಿ ಅವರಲ್ಲಿ ಹೀಗೆ’ ಅನ್ನೋರಿಗೆ ಒಂದೇ ಪ್ರಶ್ನೆ. ಕೊಡಗಿನ ಯಾವುದಾದ್ರೂ ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ಒಂದು ಬೆಳಗ್ಗೆ ನಿಂತು ನೋಡಿದ್ರೆ ಏನು ಕಾಣುತ್ತೆ? ‘ಅಕ್ಕ, ಇಲ್ಲೊಂದು ಸೈನ್ ಹಾಕ್ಬಿಡಿ, ಲೋನಿಗೆ ಬೇಕು ಅಷ್ಟೇ’ ಅಂತ ತಮ್ಮ ಅಂತಾನೆ, ಅಕ್ಕ ಓದದೇ ಸೈನ್ ಹಾಕ್ತಾರೆ, ಅದು ಹಕ್ಕು ಬಿಡುಗಡೆ ಪತ್ರ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆಗಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂತು, ಕರ್ನಾಟಕದಲ್ಲಿ ಅದಕ್ಕೂ ಮುಂಚೆ 1994ರಲ್ಲೇ ಒಂದು ಹಂತಕ್ಕೆ ಬಂದಿತ್ತು, 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಆ ಹಕ್ಕು ಹುಟ್ಟಿನಿಂದಲೇ ಬರುತ್ತೆ, 2005ರಲ್ಲಿ ಅಪ್ಪ ಬದುಕಿದ್ನಾ ಇಲ್ವಾ ಅನ್ನೋದು ಲೆಕ್ಕಕ್ಕಿಲ್ಲ ಅಂತ ಸ್ಪಷ್ಟ ಮಾಡ್ತು. ಆದ್ರೂ ಪಾಲು ಕೇಳಿದ ಹೆಣ್ಣುಮಗಳಿಗೆ ತವರು ತಪ್ಪಿಹೋಗುತ್ತೆ ಅನ್ನೋ ಭಯ ಹಾಗೇ ಇದೆ. ಹಬ್ಬಕ್ಕೆ ಕರೆಯಲ್ಲ, ಮಕ್ಕಳ ಮದುವೆಗೆ ಮಾವ ಬರಲ್ಲ, ಆ ಭಯ ಯಾವ ಧರ್ಮದ್ದು?

ಮುಖ್ಯ ವಿಷಯ ಇದೇ. ಹೆಣ್ಣಿಗೆ ಹಕ್ಕು ಕಾನೂನಲ್ಲೂ ಇರಬಹುದು, ಶಾಸ್ತ್ರದಲ್ಲೂ ಇರಬಹುದು, ಅದನ್ನ ಕೈಗೆ ಸಿಗದ ಹಾಗೆ ಮಾಡೋದು ಹತ್ತಿರದವರ ಪ್ರೀತಿಯ ಷರತ್ತು. ಕಾನೂನಿನ ಪುಸ್ತಕಕ್ಕೆ ಈ ಷರತ್ತು ಕಾಣಲ್ಲ, ಸಮೀಕ್ಷೆಗೂ ಅಷ್ಟಾಗಿ ಸಿಗಲ್ಲ. ಕಥೆಗೆ ಕಾಣುತ್ತೆ. ಸಾಹಿತ್ಯದ ಮೇಲೆ ಜನಕ್ಕೆ ಸಿಟ್ಟು ಬರೋದೂ ಅದಕ್ಕೇ.

ಕೊಡಗಿನ ಗೌರಮ್ಮ ತೊಂಬತ್ತು ವರ್ಷದ ಹಿಂದೆ ಬರೆದಿದ್ದು

ದೀಪಾ ಭಾಸ್ತಿ ಬಾನು ಕಥೆಗಳ ಜೊತೆಗೆ ಕೊಡಗಿನ ಗೌರಮ್ಮನ ಕಥೆಗಳನ್ನೂ ಇಂಗ್ಲಿಷಿಗೆ ತಂದಿದ್ದಾರೆ. ಬೂಕರ್ ಸದ್ದಲ್ಲಿ ಇದು ಅಷ್ಟಾಗಿ ಯಾರಿಗೂ ಕೇಳಿಸ್ಲಿಲ್ಲ, ಆದ್ರೆ ಎರಡನ್ನೂ ಅಕ್ಕಪಕ್ಕ ಇಟ್ರೆ ತುಂಬಾ ವಿಷಯ ಬಿಡಿಸ್ಕೊಳ್ಳುತ್ತೆ.

ಗೌರಮ್ಮ ಹುಟ್ಟಿದ್ದು 1912ರಲ್ಲಿ ಮಡಿಕೇರಿಯಲ್ಲಿ, ಬದುಕಿದ್ದು ಸುಂಟಿಕೊಪ್ಪದ ಕಡೆ ಎಸ್ಟೇಟಲ್ಲಿ, 1939ರ ಏಪ್ರಿಲಲ್ಲಿ ಈಜೋಕೆ ಹೋಗಿ ನೀರುಪಾಲಾದ್ರು, ಆಗ ಅವರಿಗೆ ಬರೀ 27. ಬರೆದಿದ್ದು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಅನ್ನೋ ಹೆಸರಲ್ಲಿ, ಗಂಡನ ಹೆಸರು ಅದು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅವರು ನಮ್ಮ ಮನೆಗೂ ಬರಲೇಬೇಕು ಅಂತ ಉಪವಾಸ ಕೂತು, ಬಂದ ಮೇಲೆ ಮೈಮೇಲಿದ್ದ ಒಡವೆ ಹರಿಜನ ನಿಧಿಗೆ ಕೊಟ್ಟ ಘಟನೆ ಎಲ್ಲರಿಗೂ ಗೊತ್ತು, ಶಾಲೆ ಭಾಷಣಗಳಲ್ಲಿ ಅದನ್ನೇ ಹೇಳ್ತಾರೆ. ಬೇಂದ್ರೆಯವರು ‘ತಂಗಿ ಗೌರಮ್ಮ’ ಅಂತ ಪದ್ಯ ಬರೆದ್ರು, ಅದನ್ನೂ ಹೇಳ್ತಾರೆ. ಆಕೆ ಬರೆದ ಕಥೆಯಲ್ಲಿ ಏನಿತ್ತು ಅನ್ನೋದನ್ನ ಮಾತ್ರ ಕಮ್ಮಿ ಹೇಳ್ತಾರೆ.

ಅದರಲ್ಲಿದ್ದಿದ್ದು ಆಕೆ ತನ್ನ ಸುತ್ತ ಕಂಡ ಮೇಲ್ಜಾತಿ ಮನೆಗಳು. ಬಾಲವಿಧವೆಯರು, ಮದುವೆ ಮಾರ್ಕೆಟ್ಟಿನಲ್ಲಿ ತೂಗಿಸ್ಕೊಳ್ಳೋ ಹುಡುಗಿಯರು, ಓದಿದ ಹೆಂಗಸಿನ ಮೇಲೆ ಬೀಳೋ ಅನುಮಾನ. ‘ಅಪರಾಧಿ ಯಾರು?’ ಅನ್ನೋ ಕಥೆಯ ಹೆಸರೇ ಪ್ರಶ್ನೆ: ಗಂಡ ಸತ್ತ ಹೆಂಗಸೊಬ್ಬಳನ್ನ ತನ್ನವರೇ ಹೊರಗೆ ಹಾಕ್ತಾರೆ, ಬೆರಳು ತೋರಿಸೋದೂ ಅವಳ ಕಡೆಗೇ, ಲೇಖಕಿ ಮಾತ್ರ ಆ ಬೆರಳನ್ನ ಹಿಡಿದು ತೋರಿಸಿದವರ ಕಡೆ ತಿರುಗಿಸ್ತಾರೆ. ‘ಕಂಬನಿ’, ‘ಚಿಗುರು’ ಸಂಕಲನಗಳಲ್ಲಿ ಇಂಥ ಕಥೆಗಳು ಸಿಗ್ತವೆ.

ಈಗ ಮೆಹರುನ್‌ಳನ್ನ ಇವರ ಪಕ್ಕದಲ್ಲಿ ನಿಲ್ಲಿಸಿ. ಧರ್ಮ ಬೇರೆ, ಕಾಲ ಬೇರೆ, ಊರು ಬೇರೆ. ಆದ್ರೆ ಕೆಲಸ ಮಾಡ್ತಿರೋ ರೀತಿ ಒಂದೇ: ಗಂಡಸಿನ ತಪ್ಪಿನ ಲೆಕ್ಕ ಹೆಂಗಸಿನ ಖಾತೆಗೆ ಬರೆಯೋದು, ಆಮೇಲೆ ಅವಳನ್ನ ಕಣ್ಣಿಂದ ದೂರ ಕಳಿಸಿ ಸಮುದಾಯ ಶುದ್ಧ ಆಯ್ತು ಅಂದುಕೊಳ್ಳೋದು. ಎಂ.ಕೆ. ಇಂದಿರಾ 1976ರಲ್ಲಿ ‘ಫಣಿಯಮ್ಮ’ ತಂದಾಗ ಮಲೆನಾಡಿನ ಬ್ರಾಹ್ಮಣ ಮನೆಯ ಬಾಲವಿಧವೆಯ ಕಥೆ ಹಾಗೇ ಬಂತು, ಅಲ್ಲಿಯೂ ವ್ಯವಸ್ಥೆ ನಡೆಸೋರು ರಾಕ್ಷಸರಲ್ಲ, ಮಡಿ ಆಚಾರ ಪಾಲಿಸೋ ಮನೆಮಂದಿ.

ಹಾಗಾಗಿ ‘ಇದು ಮುಸ್ಲಿಂ ಹೆಂಗಸರ ಗೋಳು’ ಅಂತ ಓದೋದು ಸಾಹಿತ್ಯದ ಚರಿತ್ರೆ ಗೊತ್ತಿಲ್ಲದೇ ಇರೋದ್ರಿಂದ ಬರೋ ತಪ್ಪು. ಕನ್ನಡದಲ್ಲಿ ಈ ಕಥೆ ಮೊದಲು ಬರೆದುಕೊಂಡಿದ್ದು ಮೇಲ್ಜಾತಿ ಹಿಂದೂ ಮನೆಗಳ ಹೆಣ್ಣುಮಕ್ಕಳು, ಅವರ ಮೇಲೂ ಸಿಟ್ಟಾದವರು ಇದ್ರು, ಕಾಲ ಕಳೆದ ಮೇಲೆ ಅವರ ಹೆಸರಲ್ಲೇ ಪ್ರಶಸ್ತಿ, ದತ್ತಿ ಎಲ್ಲ ಇಟ್ವಿ.

ಹೆಂಗಸರೇ ಕಾವಲು ಕಾಯೋದು ಯಾಕೆ

ಈ ಚರ್ಚೆಯಲ್ಲಿ ಪ್ರತಿ ಸಲ ಬರೋ ಮಾತು, ‘ಹೆಣ್ಣಿಗೆ ಹೆಣ್ಣೇ ಶತ್ರು.’ ಅತ್ತೆ, ನಾದಿನಿ, ಪಕ್ಕದ ಮನೆ ಆಂಟಿ, ಇವರೇ ತಾನೇ ಹೆಚ್ಚು ಹಿಂಸೆ ಕೊಡೋದು ಅಂತ. ಕಥೆಗಳಲ್ಲಿ ಇದಕ್ಕೆ ಪುರಾವೆಯೂ ಸಿಗುತ್ತೆ, ಸುಳ್ಳಲ್ಲ.

ಆದ್ರೆ ಒಳ್ಳೆ ಲೇಖಕಿಯರು ಅಲ್ಲಿಗೇ ನಿಲ್ಲಿಸಲ್ಲ, ಯಾಕೆ ಅಂತ ಕೇಳ್ತಾರೆ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಗೆ ಆ ಮನೆಯಲ್ಲಿ ಏನೂ ಇಲ್ಲ. ಮಗ ಹುಟ್ಟಿ, ಮಗ ಬೆಳೆದು, ಸೊಸೆ ಬಂದಾಗ ಮೊದಲ ಸಲ ಅವಳ ಮಾತಿಗೆ ಒಂದು ತೂಕ ಬರುತ್ತೆ. ಆ ತೂಕ ಬಂದಿದ್ದೇ ನಿಯಮ ಪಾಲಿಸಿದ್ದಕ್ಕೆ. ನಿಯಮ ಹೋದ್ರೆ ಮೂವತ್ತು ವರ್ಷ ಸಹಿಸಿ ಸಂಪಾದಿಸಿದ ಅಧಿಕಾರವೂ ಹೋಗುತ್ತೆ. ಅಂದ್ಮೇಲೆ ಆಕೆ ಅದನ್ನ ಬಿಗಿಯಾಗಿ ಹಿಡ್ಕೊಳ್ಳದೆ ಇನ್ನೇನು ಮಾಡ್ತಾಳೆ? ಆಕೆಯನ್ನ ಬೈದು ಪ್ರಯೋಜನ ಇಲ್ಲ, ಆಕೆಗೆ ಅಧಿಕಾರ ಸಿಗೋಕೆ ಬೇರೆ ದಾರಿಯೇ ಇರದ ಹಾಗೆ ಮಾಡಿದ್ದು ಯಾರು ಅಂತ ನೋಡಬೇಕು.

ಬಾನು ಅವರ ‘ಕರಿ ನಾಗರಗಳು’ ಕಥೆಯಲ್ಲಿ ಇದರ ಉಲ್ಟಾ ನಡೆಯುತ್ತೆ, ಅದಕ್ಕೇ ಅದು ಮುಖ್ಯ (ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ಸಿನಿಮಾ ಇದೇ ಕಥೆ ಆಧರಿಸಿದ್ದು). ಹೆಣ್ಣುಮಕ್ಕಳನ್ನೇ ಹೆತ್ತಳು ಅಂತ ಗಂಡ ಬಿಟ್ಟುಹೋದ ಅಶ್ರಫ್ ಕಾಯಿಲೆ ಮಗುವನ್ನ ಎತ್ಕೊಂಡು ನ್ಯಾಯಕ್ಕಾಗಿ ಮಸೀದಿ ಹತ್ರ ಬರ್ತಾಳೆ, ಮುತವಲ್ಲಿ ಕಣ್ಣೆತ್ತಿ ನೋಡಲ್ಲ, ಮಗು ಸತ್ತುಹೋಗುತ್ತೆ. ಆಮೇಲೆ ಬೀದಿಯಲ್ಲಿ ನಡೆದು ಬರ್ತಿರೋ ಆ ಮುತವಲ್ಲಿಯನ್ನ ಊರಿನ ಹೆಂಗಸರು ಒಬ್ಬೊಬ್ಬರಾಗಿ ಶಪಿಸ್ತಾರೆ. ಮನೆಗೆ ಹೋದ್ರೆ ಅವನ ಹೆಂಡ್ತಿಯೇ ಇನ್ನು ಮಕ್ಕಳು ಬೇಡ ಅಂತ ಆಪರೇಷನ್ ಮಾಡಿಸ್ಕೊಳ್ಳೋಕೆ ಹೊರಟಿರ್ತಾಳೆ. ಕಾವಲು ಕಾಯ್ತಿದ್ದವರೇ ಬಾಗಿಲು ತೆಗೆದ ಹಾಗಾಯ್ತು. ಲೇಖಕಿ ಇಲ್ಲಿ ಕೋರ್ಟಿನ ಗೆಲುವು ತೋರಿಸಲ್ಲ, ಗಂಡ ಪಶ್ಚಾತ್ತಾಪ ಪಟ್ಟು ಬರಲ್ಲ, ಬದಲಾಗೋದು ಹೆಂಗಸರ ನಡುವಿನ ಸಂಬಂಧ ಮಾತ್ರ.

ಯಾರ್ಯಾರು ಏನೇನು ವಾದ ಮಾಡ್ತಾರೆ

ಒಂದು ವಾದ ಸಮುದಾಯದ ಒಳಗಿಂದ ಬರುತ್ತೆ. ನಮ್ಮ ಮೇಲೆ ಮೊದಲೇ ಎಲ್ಲರ ಕಣ್ಣಿದೆ, ಇಂಥ ಹೊತ್ತಲ್ಲಿ ನಮ್ಮವಳೇ ಇದನ್ನೆಲ್ಲ ಬರೆದ್ರೆ ನಮ್ಮನ್ನ ಹೊಡೆಯೋರ ಕೈಗೆ ಕೋಲು ಕೊಟ್ಟ ಹಾಗೆ ಅಂತ. ಇದನ್ನ ತಳ್ಳಿಹಾಕೋದು ಸುಲಭ ಆದ್ರೆ ತಳ್ಳಿಹಾಕಬಾರದು. ಆ ಭಯ ನಿಜ. ತಲಾಖ್ ಬಗ್ಗೆ ಬರೆದ ಕಥೆಯನ್ನ ಮುಸ್ಲಿಂ ಹೆಂಗಸಿನ ಮೇಲಿನ ಕಾಳಜಿಗಿಂತ ಮುಸ್ಲಿಂ ಗಂಡಸಿನ ಮೇಲಿನ ಸಿಟ್ಟಿಗೆ ಬಳಸಿದವರು ಇದ್ದಾರೆ. ಆದ್ರೆ ಈ ವಾದದ ಫಲ ಏನು ಅಂತ ನೋಡಿದ್ರೆ, ಹೊರಗಿನ ಅಪಾಯ ಇರೋ ತನಕ ಒಳಗಿನ ಹೆಂಗಸು ಬಾಯಿ ಮುಚ್ಕೊಂಡಿರಬೇಕು ಅಂತಾಗುತ್ತೆ, ಹೊರಗಿನ ಅಪಾಯ ಯಾವತ್ತೂ ಮುಗಿಯಲ್ಲ. ‘ಬೆಂಕಿ ಮಳೆ’ಯ ತಂಗಿಗೆ ಆಗಿದ್ದೂ ಇದೇ.

ಎರಡನೇ ವಾದ ಹೊರಗಿನವರದ್ದು. ಬರೆದಿದ್ದು ಧೈರ್ಯ, ಆದ್ರೆ ಇದು ಆ ಧರ್ಮದ ಬಗ್ಗೆ ಸಾಕ್ಷಿ ಅಂತ. ಹೀಗೆ ಹೊಗಳಿದವರಲ್ಲೇ ಕೆಲವರು ಸೆಪ್ಟೆಂಬರಿನಲ್ಲಿ ಹಳೇ ಭಾಷಣದ ತುಣುಕು ಹಿಡ್ಕೊಂಡು ಅದೇ ಲೇಖಕಿಯನ್ನ ವಿರೋಧಿಸಿದ್ರು. ಇದರಲ್ಲಿ ವಿಚಿತ್ರ ಏನಿಲ್ಲ, ಎರಡೂ ಒಂದೇ ಕಡೆಯಿಂದ ಬಂದಿದ್ದು: ಆಕೆಯನ್ನ ಲೇಖಕಿಯಾಗಿ ಓದೋದಕ್ಕಿಂತ ಸಮುದಾಯದ ಪ್ರತಿನಿಧಿಯಾಗಿ ನೋಡೋದು. ಪ್ರತಿನಿಧಿ ತನ್ನವರನ್ನ ಬೈದಾಗ ಒಳ್ಳೆಯವಳು, ನಮ್ಮ ಹಬ್ಬದಲ್ಲಿ ದೀಪ ಹಚ್ಚೋಕೆ ಬಂದಾಗ ಹೊರಗಿನವಳು. 2017ರಲ್ಲಿ ಕೆ.ಎಸ್. ನಿಸಾರ್ ಅಹಮದ್ ದಸರಾ ಉದ್ಘಾಟನೆ ಮಾಡಿದ್ರು, ಅದನ್ನೂ ಇದರ ಜೊತೆ ಇಟ್ಟು ನೋಡಬೇಕು, ಹೆಂಗಸಾಗಿರೋದಕ್ಕೂ ಈ ಸಲದ ವಿರೋಧದ ಭಾಷೆಗೂ ಸಂಬಂಧ ಇದೆ ಅನ್ನೋದು ನನ್ನ ಅಭಿಪ್ರಾಯ, ಆಕೆ ಏನು ಉಡಬೇಕು, ಹಣೆಗೆ ಏನಿಡಬೇಕು, ತಲೆಗೆ ಹೂ ಮುಡಿಬೇಕಾ ಅನ್ನೋ ಚರ್ಚೆ ಗಂಡಸಿನ ವಿಷಯದಲ್ಲಿ ಇಷ್ಟು ನಡೆಯಲ್ಲ.

ಮೂರನೇದು ಸಾಹಿತ್ಯದವರ ವಾದ, ಕಥೆಯನ್ನ ಕಥೆಯಾಗಿ ಮಾತ್ರ ನೋಡಿ ಅನ್ನೋದು. ಕೇಳೋಕೆ ಚೆನ್ನಾಗಿದೆ, ಆದ್ರೆ ಅರ್ಧ ಸರಿ. ಬಾನು ಅವರ ವಕೀಲಿಕೆ, ಅವರ ಹತ್ರ ಬಂದ ಹೆಂಗಸರ ಕೇಸುಗಳು ಇವೆಲ್ಲ ಕಥೆಯಿಂದ ಬೇರೆ ಮಾಡೋಕಾಗಲ್ಲ. ಸಮಾಜ ಬಿಟ್ಟು ಓದಿದ್ರೆ ಕಥೆಗೆ ಅನ್ಯಾಯ, ಸಮಾಜಶಾಸ್ತ್ರದ ವರದಿ ಅಂತ ಓದಿದ್ರೂ ಅನ್ಯಾಯ.

ಕೊಡಗಲ್ಲಿ ಇಂಥ ಕಥೆ ಯಾಕೆ ಕಮ್ಮಿ

ನಮ್ಮಲ್ಲಿ ಹಾಗೆಲ್ಲ ಇಲ್ಲ ಅನ್ನೋ ಮಾತು ಕೊಡಗಲ್ಲಿ ಬೇಗ ಬರುತ್ತೆ. ಅದಕ್ಕೆ ಆಧಾರವೂ ಇದೆ. 2011ರ ಜನಗಣತಿಯಲ್ಲಿ ಕೊಡಗಿನಲ್ಲಿ 1000 ಗಂಡಸರಿಗೆ 1019 ಹೆಂಗಸರು. ಕೊಡವರಲ್ಲಿ ವಿಧವೆ ಮತ್ತೆ ಮದುವೆ ಆಗೋದಕ್ಕೆ ಕೂಡಾವಳಿ ಅನ್ನೋ ಪದ್ಧತಿ ಹಿಂದಿನಿಂದ ಇದೆ, ಗೌರಮ್ಮನ ಕಥೆಗಳ ವಿಧವೆಗೆ ಇಲ್ಲದ ದಾರಿ ಅದು. ಮದುವೆಯಲ್ಲಿ ಪುರೋಹಿತರಿಲ್ಲ. ಮಗಳು ಮಾತ್ರ ಇದ್ದ ಮನೆಗೆ ಅಳಿಯನೇ ಬಂದು ಒಕ್ಕ, ಅಂದ್ರೆ ಮನೆತನ, ಉಳಿಸೋ ಒಕ್ಕಪರಿಜೆ ಇದೆ.

ಮದುವೆಯಲ್ಲಿ ಸಂಬಂಧ ಕೊಡೋ ಶಾಸ್ತ್ರ ನೋಡಿದವರಿಗೆ ಗೊತ್ತು, ಎರಡೂ ಕಡೆಯ ಅರುವರು, ಅಂದ್ರೆ ಮನೆತನದ ಪರವಾಗಿ ಮಾತಾಡೋರು, ಎದುರುಬದುರು ನಿಂತು ಹನ್ನೆರಡು ಹರಳುಕಲ್ಲಿನ ಲೆಕ್ಕ ಮಾಡ್ತಾರೆ, ಹನ್ನೊಂದನ್ನ ಗಂಡಿನ ಕಡೆಗೆ ಕೊಟ್ಟು ಒಂದನ್ನ ಹೆಣ್ಣಿನ ಕಡೆಯವರು ಇಟ್ಕೋತಾರೆ. ಗಂಡನ ಒಕ್ಕದಲ್ಲಿ ಅವಳಿಗೆ ಹಕ್ಕು ಬಂತು, ಆದ್ರೂ ಕಷ್ಟ ಬಂದ್ರೆ ತವರಿಗೆ ವಾಪಸ್ ಬರೋಕೆ ಒಂದು ಹಕ್ಕು ಉಳೀತು ಅಂತ ಅರ್ಥ. ಮೆಹರುನ್‌ಗೆ ಸಿಗದೇ ಹೋಗಿದ್ದು ಆ ಒಂದು ಕಲ್ಲೇ. ಇಷ್ಟು ಸ್ಪಷ್ಟವಾಗಿ, ಎಲ್ಲರ ಮುಂದೆ, ಹೆಣ್ಣಿನ ವಾಪಸಾತಿಯ ಹಕ್ಕನ್ನ ಮದುವೆ ದಿನವೇ ಹೇಳೋದು ದೊಡ್ಡ ವಿಷಯ, ಅದನ್ನ ಮನಸಾರೆ ಒಪ್ಪಬೇಕು.

ಆದ್ರೆ ಅದೇ ಶಾಸ್ತ್ರವನ್ನ ಇನ್ನೊಂದು ಕಡೆಯಿಂದ ನೋಡಿ. ಕಲ್ಲು ಎಣಿಸೋರು ಗಂಡಸರು, ಕೊಡೋರು ಗಂಡಸರು, ಇಸ್ಕೊಳ್ಳೋರು ಗಂಡಸರು. ಹೆಣ್ಣು ಒಂದು ಒಕ್ಕದಿಂದ ಇನ್ನೊಂದಕ್ಕೆ ಹೋಗ್ತಾಳೆ, ಒಕ್ಕ ಮುಂದುವರಿಯೋದು ಗಂಡುಮಕ್ಕಳಿಂದ. ಜಮ್ಮಾ ಜಮೀನಿನ, ಅಂದ್ರೆ ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನ, ದಾಖಲೆಗಳಲ್ಲಿ ತಲೆಮಾರುಗಳಿಂದ ಇದ್ದಿದ್ದು ಪಟ್ಟೆದಾರ (ಒಕ್ಕದ ಯಜಮಾನ) ಮತ್ತೆ ಗಂಡು ಸದಸ್ಯರ ಹೆಸರೇ. ಗೌರವ ಇದೆ, ಸ್ವಾತಂತ್ರ್ಯದ ಸಂಪ್ರದಾಯ ಇದೆ, ಜಮೀನಿನ ಕಾಲಂನಲ್ಲಿ ಹೆಸರು ಇಲ್ಲ. ಈ ಎರಡರ ನಡುವಿನ ಜಾಗದಲ್ಲಿ ಒಬ್ಬ ಕಥೆಗಾರ್ತಿಗೆ ಎಷ್ಟು ಕಥೆ ಸಿಗಬೇಕಿತ್ತು!

ಬರೆಯೋಕೆ ಅಡ್ಡ ಬರೋ ಒಂದು ಕಾರಣ ತೀರಾ ಪ್ರಾಕ್ಟಿಕಲ್. 2011ರ ಲೆಕ್ಕಕ್ಕೆ ಕೊಡಗಿನ ಜನಸಂಖ್ಯೆ 5,54,519. ಅದರೊಳಗೆ ಕೊಡವರು, ಅರೆಭಾಷೆ ಗೌಡರು, ಮಾಪಿಳ್ಳೆಗಳು, ಬ್ಯಾರಿಗಳು, ಯರವರು, ಕುರುಬರು ಅಂತ ಇನ್ನೂ ಚಿಕ್ಕ ಚಿಕ್ಕ ವೃತ್ತಗಳು. ಕೊಡವ ಪಾತ್ರಕ್ಕೆ ಮನೆಪೆದ, ಅಂದ್ರೆ ಮನೆತನದ ಹೆಸರು, ಕೊಟ್ರೆ ಅದು ಇಂಥವರ ಮನೆ ಅಂತ ಊರಿಗೆಲ್ಲ ಗೊತ್ತಾಗುತ್ತೆ, ಕೊಡದೇ ಇದ್ರೆ ಪಾತ್ರ ಕೊಡವತಿ ಅಂತ ನಂಬಿಕೆಯೇ ಬರಲ್ಲ. ಗೌಡರ ಮನೆತನದ ವಿಷಯದಲ್ಲೂ ಕಷ್ಟ ಇದೇ. ಹಾಸನದ ವಕೀಲೆ ಬರೆದ ಕಥೆಯಲ್ಲಿ ಇನಾಯತ್ ಯಾರು ಅಂತ ಯಾರೂ ಹುಡುಕ್ಕೊಂಡು ಹೋಗಲ್ಲ, ಗೋಣಿಕೊಪ್ಪದಲ್ಲೋ ಸೋಮವಾರಪೇಟೆಯಲ್ಲೋ ಕೂತು ಒಬ್ಬಳು ಬರೆದ್ರೆ ಮುಂದಿನ ಮದುವೆ ಊಟದ ಪಂಕ್ತಿಯಲ್ಲೇ ಕೇಳ್ತಾರೆ, ‘ಏನವ್ವ, ನಮ್ಮ ದೊಡ್ಡಮ್ಮನ ಕಥೆ ಬರೆದಿದ್ದೀಯಂತೆ?’ ಅಂತ. ಅದು ಬೆದರಿಕೆ ಅಲ್ಲ, ಆದ್ರೆ ಅಷ್ಟು ಸಾಕು ಎರಡನೇ ಕಥೆ ಬರದೇ ಇರೋಕೆ.

ಎಸ್ಟೇಟ್ ಲೈನ್ ಮನೆಗಳ ಹೆಂಗಸರ ವಿಷಯ ಇನ್ನೂ ದೂರ. ಕಾಫಿ ಹಣ್ಣು ಕೊಯ್ಯೋ ಯರವತಿ, ಹೊರಗಿನಿಂದ ಬಂದ ಕೂಲಿ ಹೆಂಗಸು, ಇವರಿಗೆ ಮನೆಯ ಗಂಡಸಿನ ಯಜಮಾನಿಕೆ ಒಂದು, ಎಸ್ಟೇಟಿನ ಯಜಮಾನಿಕೆ ಇನ್ನೊಂದು. ಇವರು ಕಥೆಗಳಲ್ಲಿ ಬಂದ್ರೂ ಬೇರೆಯವರ ಮನೆಯ ಕಥೆಗೆ ಕಾಫಿ ತಂದುಕೊಟ್ಟು ಹೋಗೋ ಪಾತ್ರವಾಗಿ ಬರೋದೇ ಜಾಸ್ತಿ.

ಮುಂದೆ ಏನಾಗಬಹುದು

ಒಂದು ಸಾಧ್ಯತೆ, ಬೂಕರ್ ನಂತರ ಪ್ರಕಾಶಕರು ‘ನಿಮ್ಮ ಸಮುದಾಯದ ಒಳಗಿನ ನೋವಿನ ಕಥೆ’ ಹುಡುಕ್ಕೊಂಡು ಬರ್ತಾರೆ. ಇದರಿಂದ ಹೊಸಬರಿಗೆ ಬಾಗಿಲು ತೆರೆಯುತ್ತೆ, ಜೊತೆಗೆ ಒಂದು ಅಪಾಯವೂ ಇದೆ, ಹೊರಗಿನ ಓದುಗನಿಗೆ ಬೇಕಾದ ಹಾಗೆ ಬರೀ ಗೋಳು ಬರೆಯೋ ಒತ್ತಡ ಬರುತ್ತೆ. ಬಾನು ಅವರ ಕಥೆಗಳಲ್ಲಿ ನಗು ಇದೆ, ಗುಲ್ಲು ಇದೆ, ಅಡುಗೆ ಇದೆ, ಮಕ್ಕಳ ಗಲಾಟೆ ಇದೆ, ಅದನ್ನೆಲ್ಲ ಬಿಟ್ಟು ನೋವಷ್ಟನ್ನೇ ಕಲಿತ್ರೆ ಬರೋ ಕಥೆಗಳು ಒಣಗಿರ್ತವೆ.

ಎರಡನೇದು, ದಸರಾ ಗಲಾಟೆಯ ಪರಿಣಾಮ. ಕೋರ್ಟು ಅರ್ಜಿ ವಜಾ ಮಾಡಿದ್ರಿಂದ ಕಾನೂನಿನ ಪ್ರಶ್ನೆ ಮುಗೀತು. ಆದ್ರೆ ಅದನ್ನ ನೋಡ್ತಿದ್ದ ಹುಡುಗಿಗೆ ಸಿಕ್ಕ ಪಾಠ ಬೇರೆ: ಸ್ವಂತ ಸಮುದಾಯವನ್ನ ಪ್ರಶ್ನೆ ಮಾಡಿದ್ರೆ ಒಳಗಿನವರು ಬಿಡಲ್ಲ, ಹೊರಗಿನವರು ತಮಗೆ ಬೇಕಾದಾಗ ಮಾತ್ರ ಹಿಡ್ಕೋತಾರೆ. ಇದರಿಂದ ಬರೆಯೋ ಕೈ ಹಿಂದೆ ಸರಿಯೋ ಸಾಧ್ಯತೆ ಮುಸ್ಲಿಂ ಹುಡುಗಿಯರಲ್ಲಿ ಜಾಸ್ತಿ, ಉಳಿದವರಲ್ಲಿ ಇಲ್ಲ ಅಂತೇನಿಲ್ಲ.

ಮೂರನೇದು ನಮ್ಮ ಊರಿಗೆ ಸಂಬಂಧಿಸಿದ್ದು. ಕೊಡವ ಭಾಷೆಗೂ ಅರೆಭಾಷೆಗೂ ಸರ್ಕಾರದ ಅಕಾಡೆಮಿಗಳಿವೆ, ಪುಸ್ತಕಗಳು ಬರ್ತಿವೆ. ಚಿಕ್ಕ ಭಾಷೆಗಳಲ್ಲಿ ಮೊದಲು ಬರೋದು ಸಹಜವಾಗಿ ಸಂಸ್ಕೃತಿಯ ಹೆಮ್ಮೆ, ಹಾಡು, ಪದ್ಧತಿ, ಊಟ, ಉಡುಗೆ, ಯಾಕಂದ್ರೆ ಭಾಷೆ ಉಳಿಯುತ್ತೋ ಇಲ್ವೋ ಅನ್ನೋ ಭಯ ಇದೆ. ಆ ಭಯದಲ್ಲಿ ಒಳಗಿನ ಟೀಕೆ ದ್ರೋಹದ ಥರ ಕೇಳಿಸುತ್ತೆ, ಹಾಗಾಗಿ ಹೆಂಗಸರ ಕಥೆ ‘ಆಮೇಲೆ ನೋಡೋಣ’ ಪಟ್ಟಿಗೆ ಹೋಗುತ್ತೆ. ಮುತವಲ್ಲಿಯ ತಂಗಿಗೆ ಸಿಕ್ಕಿದ್ದೂ ಅದೇ ‘ಆಮೇಲೆ’. ಇದನ್ನ ಸರಿಮಾಡೋಕೆ ದೊಡ್ಡ ಹೋರಾಟ ಬೇಕಿಲ್ಲ, ಕಥಾಸ್ಪರ್ಧೆಗಳಲ್ಲಿ ಬರೆದವರ ಹೆಸರು, ಮನೆಪೆದ ತೀರ್ಪುಗಾರರಿಗೆ ಕಾಣದ ಹಾಗೆ ಮಾಡಬಹುದು, ಬೇರೆ ಹೆಸರಲ್ಲಿ ಬರೆಯೋರಿಗೆ ಅವಕಾಶ ಕೊಡಬಹುದು, ಗೌರಮ್ಮನ ಕಾರ್ಯಕ್ರಮದಲ್ಲಿ ಗಾಂಧಿ-ಒಡವೆ ಪ್ರಸಂಗದ ಜೊತೆ ಆಕೆಯ ಒಂದು ಕಥೆಯನ್ನ ಪೂರ್ತಿ ಗಟ್ಟಿಯಾಗಿ ಓದಿಸಬಹುದು, ಕಾಲೇಜು ಮಕ್ಕಳಿಗೆ ‘ಅಪರಾಧಿ ಯಾರು?’ ಮತ್ತೆ ‘ಎದೆಯ ಹಣತೆ’ ಎರಡನ್ನೂ ಒಂದೇ ವಾರದಲ್ಲಿ ಕೊಟ್ಟು, ಎರಡರಲ್ಲೂ ಆ ಹೆಂಗಸಿಗೆ ಮನೆ ಬಾಗಿಲು ಮುಚ್ಚಿದವರು ಯಾರ್ಯಾರು, ಅವರು ಕೊಟ್ಟ ಕಾರಣ ಏನೇನು ಅಂತ ಬರೆದುಕೊಂಡು ಬರೋಕೆ ಹೇಳಬಹುದು.